ಹಲಗಿ ನಮ್ಮದು, ಲೇಬಲ್ ಯಾರದು?

ಸ್ವಲ್ಪ ಉದ್ದ ಐತಿ, ಪುರಸೊತ್ತು ಸಿಕ್ಕಾಗ ಪೂರ್ತಿ ಓದ್ರಿ.

ಪ್ರತಿ ವರ್ಷ ಏಪ್ರಿಲ್ 14 ಮುಗಿದ ಮರುದಿನ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅದೇ ಜಗಳ. ಬಾಬಾಸಾಹೇಬರ ಜಯಂತಿಗೆ ಡಿಜೆ ಬೇಕಿತ್ತಾ? ಹಿರಿಯರು ಅಂತಾರ, "ಆ ರೊಕ್ಕದಾಗ ಹುಡುಗರಿಗೆ ಪುಸ್ತಕ ಕೊಡಸಬಹುದಿತ್ತು." ಹುಡುಗರು ಅಂತಾರ, "ಗಣಪ್ಪಗ ಹಚ್ಚಿದ್ರ ನಡಿತೈತಿ, ನಮ್ಮಪ್ಪಗ ಹಚ್ಚಿದ್ರ ಯಾಕ ನಡಿಯಂಗಿಲ್ರಿ?" ಎರಡೂ ಮಾತಿನಾಗ ಹುರುಳೈತಿ. ಆ ಜಗಳಕ್ಕೆ ನಾನು ಇವತ್ತು ಕೂಡಂಗಿಲ್ಲ. ನನ್ನ ಪ್ರಶ್ನೆ ಬ್ಯಾರೆ: ಆ ಡಾಲ್ಬಿಯೊಳಗಿಂದ ಬರೋ ಬಡಿತ ಯಾರದು?

ಬಾಗಲಕೋಟೆ ನವನಗರದಾಗ ನಿಂತ ಕೇಳ್ರಿ, ಇಳಕಲ್ ಬಜಾರದಾಗ ಕೇಳ್ರಿ, ಹುನಗುಂದದಾಗ, ಬಾದಾಮಿಯಾಗ ಕೇಳ್ರಿ. ಮದುವಿ ಮೆರವಣಿಗೆ ಇರಲಿ, ಗಣಪತಿ ಕಳಿಸೋದಿರಲಿ, ಎಲೆಕ್ಷನ್ ಗೆದ್ದ ಖುಷಿ ಇರಲಿ, ಜಯಂತಿ ಇರಲಿ. ಹಾಡು ಬದಲಾಗ್ತೈತಿ, ಕೆಳಗಿನ ಹಲಗಿ ಬದಲಾಗಂಗಿಲ್ಲ. ಕುಣಿಯೋನ ಕಾಲು ಹಾಡಿನ ಮಾತು ಕೇಳಿ ಎತ್ತಂಗಿಲ್ಲ, ಹಲಗಿ ಕೇಳಿ ಎತ್ತತೈತಿ. ಇನ್ನು ಅದೇ ಹಾಡಿನ ವಿಡಿಯೋ ತಗದು ನೋಡ್ರಿ. ಚಾನೆಲ್ ಲೋಗೋ ಐತಿ. ಗಾಯಕರ ಹೆಸರೈತಿ, ಸಾಹಿತ್ಯ ಬರದವರ ಹೆಸರೈತಿ, ರಿಮಿಕ್ಸ್ ಮಾಡಿದವರ ಹೆಸರೈತಿ, ಪ್ರೋತ್ಸಾಹ ಕೊಟ್ಟ ಗೌಡರ ಫೋಟೋನೂ ಐತಿ. ಹಲಗಿ ಬಡಿದವರ ಹೆಸರು ಮಾತ್ರ ಹುಡುಕಿದರೂ ಸಿಗಂಗಿಲ್ಲ.

ಈ ವರ್ಷ ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯ್ತು. ನಮ್ಮ ಕೇರಿಯ ಹುಡುಗರು ಜಯಂತಿ ದಿನ ತಾವೇ ಹಲಗಿ ಬಡಿದ ವಿಡಿಯೋ ಯೂಟ್ಯೂಬಿಗೆ ಹಾಕಿದರು. ಎರಡು ದಿನದಾಗ ನೋಟಿಸು ಬಂತು: ಈ ವಿಡಿಯೋದಾಗಿನ ಧ್ವನಿ ಬೇರೆ ಒಬ್ಬರ ಸ್ವತ್ತು, ಇದರ ಜಾಹೀರಾತಿನ ರೊಕ್ಕ ಅವರಿಗೆ ಹೋಗ್ತೈತಿ. ಅವರು ಯಾರಂದ್ರ, ಹಿಂದಿನ ವರ್ಷ ಇದೇ ಹುಡುಗರ ಹಲಗಿಯನ್ನು ಮೊಬೈಲಿನಾಗ ಹಿಡಕೊಂಡು ಹೋಗಿ ರಿಮಿಕ್ಸ್ ಮಾಡಿದ ಚಾನೆಲ್ಲಿನವರು. ಹೆಸರು ಬರಿಯಂಗಿಲ್ಲ. ಒಂದು ಚಾನೆಲ್ಲಿನ ಕತಿ ಅಲ್ಲ ಇದು. ಹುಡುಗರು ನನ್ನ ಕೇಳಿದ್ರು: "ಅಣ್ಣಾ, ನಮ್ಮ ಕೈ ನಮಗ ಕಳವಿನ ಮಾಲು ಆತಲ್ಲ, ಇದು ಹೆಂಗ?"

ಇದು ಹೆಂಗ ಅನ್ನೋದನ್ನ ತಿಳಕೊಳ್ಳಾಕ ನಾನು ಸ್ವಲ್ಪ ಹಿಂದಕ್ಕ ಹೋಗಬೇಕಾತು.

ಲೇಬಲ್ ಅಂದ್ರ ಏನು? ಹಳೆಯ ಗ್ರಾಮಫೋನ್ ತಟ್ಟೆಯ ನಡುವೆ ಅಂಟಿಸಿದ ದುಂಡನೆಯ ಕಾಗದ. ಅದರ ಮ್ಯಾಲೆ ಕಂಪನಿ ಹೆಸರು, ಹಾಡಿದವರ ಹೆಸರು, ರಾಗದ ಹೆಸರು. ಮುಂದೆ ಆ ಕಾಗದದ ಹೆಸರೇ ಕಂಪನಿಗೆ ಹೆಸರಾಯ್ತು, ಅದಕ್ಕೇ ಹಾಡಿನ ಕಂಪನಿಗೆ ಲೇಬಲ್ ಅಂತಾರ. 1902ರ ನವೆಂಬರದಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿ ಮುಗಿಸಿದ ಕೂಡಲೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ತನ್ನ ಹೆಸರು ಹೇಳುತ್ತಿದ್ದರು. ಆ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ಹಾಡು ಯಾರದು ಅಂತ ತಿಳಿದು ಸರಿಯಾದ ಲೇಬಲ್ ಅಂಟಿಸಬೇಕಲ್ಲ, ಅದಕ್ಕೆ. ತವಾಯಫ್ ಅಂತ ಜನ ಕೀಳಾಗಿ ನೋಡುತ್ತಿದ್ದ ಹೆಣ್ಣುಮಗಳು ತನ್ನ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಸಾರಿದಳು. ಇವತ್ತಿಗೂ ಆ ಹೆಸರು ಕೇಳಸ್ತೈತಿ. ಆಕೆ ಕೊನೆಗಾಲಕ್ಕೆ ಮೈಸೂರು ಅರಮನೆಗೆ ಬಂದು 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡರು.

ನಮ್ಮ ಜಿಲ್ಲೆಗೂ ಈ ತಟ್ಟೆಗಳಿಗೂ ನಂಟೈತಿ. ಬೀಳಗಿಯ ಅಮೀರಬಾಯಿ, ಅವರ ಅಕ್ಕ ಗೋಹರಬಾಯಿ. ಮುಂಬೈಗೆ ಹೋಗಿ ನಾಟಕ, ಸಿನಿಮಾ, ಗ್ರಾಮಫೋನು ಎಲ್ಲಾ ಕಡೆ ಹಾಡಿದರು. 1943ರ 'ಕಿಸ್ಮತ್' ಸಿನಿಮಾದ ಹಾಡುಗಳಿಂದ ಅಮೀರಬಾಯಿ ದೇಶಕ್ಕೆಲ್ಲ ಗೊತ್ತಾದರು. ಹೆಸರಿನ ಮುಂದೆ ಇಬ್ಬರೂ ಇಟ್ಟುಕೊಂಡದ್ದು 'ಕರ್ನಾಟಕಿ'. ನಾನು ಎಲ್ಲಿಯವಳು ಅನ್ನೋದು ಲೇಬಲ್ಲಿನ ಮ್ಯಾಲೆ ಇರಲಿ ಅಂತ.

ಹಾಡುವವರಿಗೆ ಹೀಗೆ ಹೆಸರು ಬಂತು. ಬಡಿಯುವವರಿಗೆ?

ಹಲಗಿ ಅಂದ್ರ ಕಟ್ಟಿಗೆಯ ಇಲ್ಲವೇ ಕಬ್ಬಿಣದ ಬಳೆ, ಅದಕ್ಕೆ ಬಿಗಿದ ಚರ್ಮ. ಹುಲ್ಲು ಸುಟ್ಟು ಕಾಸಿದ ಮ್ಯಾಲೆ ಅದು ಮಾತಾಡತೈತಿ. ಬಲಗೈಯಾಗ ದಪ್ಪ ಕೋಲು, ಎಡಗೈಯಾಗ ತೆಳ್ಳನ ಬಿದಿರಿನ ಕಡ್ಡಿ. ಚರ್ಮ ಹದ ಮಾಡಿದವರು ನಮ್ಮವರು, ಬಿಗಿದವರು ನಮ್ಮವರು, ಬಡಿದವರು ನಮ್ಮವರು. ಆದರ ಬಡಿಯೋದು ನಮ್ಮ ಮನಸ್ಸಿಗೆ ಬಂದಾಗ ಅಲ್ಲ. ಊರಾಗ ಹೆಣ ಬಿದ್ದರ ಬಡೀಬೇಕು. ಡಂಗುರ ಸಾರಬೇಕು. ದೇವರ ಪಲ್ಲಕ್ಕಿ ಮುಂದ ಬಡಕೋತ ಹೋಗಬೇಕು, ಪಲ್ಲಕ್ಕಿ ಗುಡಿ ಒಳಗ ಹೋದಾಗ ಹೊರಗ ನಿಲ್ಲಬೇಕು. ಕೂಲಿ ಅಂದ್ರ ಸುಗ್ಗಿ ಕಣದಾಗ ಒಂದಿಷ್ಟು ಜೋಳ, ಹಬ್ಬಕ್ಕೆ ಒಂದಿಷ್ಟು ಉಳಿದ ಅಡಿಗಿ. ಇದು ಬಿಟ್ಟಿ ಚಾಕರಿ.

ನಮ್ಮ ಜಿಲ್ಲೆ ಆಗ ಬಿಜಾಪುರ ಜಿಲ್ಲೆಯ ಭಾಗ, ಬಿಜಾಪುರ ಮುಂಬೈ ಪ್ರಾಂತ್ಯದ ಭಾಗ. 1928ರಲ್ಲಿ ಬಾಬಾಸಾಹೇಬರು ಮುಂಬೈ ಶಾಸನ ಪರಿಷತ್ತಿನಲ್ಲಿ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ಮಸೂದೆ ಮಂಡಿಸಿದರು. ಹುಟ್ಟಿದ ಜಾತಿಯ ಕಾರಣಕ್ಕೆ ಊರಿನ ಚಾಕರಿ ಮಾಡುವ ಬಂಧನದಿಂದ ಮಹಾರರನ್ನು, ಅವರಂಥ ಕೆಳ ಹುದ್ದೆಯವರನ್ನು ಬಿಡಿಸುವುದು ಅದರ ಉದ್ದೇಶ. ಅವರಿಗೆ ಗೊತ್ತಿತ್ತು: ಒಲ್ಲೆ ಅನ್ನುವ ಹಕ್ಕು ಇಲ್ಲದವನ ಕೆಲಸ, ಎಷ್ಟು ಚೆಂದ ಇದ್ದರೂ, ಗುಲಾಮಗಿರಿ.

ಅದಕ್ಕೇ ನಮ್ಮ ಹಿರಿಯರು ಎಷ್ಟೋ ಊರಾಗ ಹಲಗಿ ಬಿಟ್ಟರು. ಬಿಟ್ಟದ್ದಕ್ಕ ಅಂಗಡಿ ಸಾಮಾನು ಬಂದ್ ಮಾಡಿಸಿಕೊಂಡರು, ಕೂಲಿ ಕಳಕೊಂಡರು, ಹೊಡತ ತಿಂದರು. ನಮ್ಮ ಸಂಘದ ಒಬ್ಬ ಹಿರಿಯರು ಇವತ್ತಿಗೂ ಹಲಗಿ ಸಪ್ಪಳ ಕೇಳಿದರ ಎದ್ದು ಹೋಗ್ತಾರ. "ಅದನ್ನ ಬಿಟ್ಟ ದಿನ ನಾನು ಮನಷ್ಯಾ ಆದ್ನಿ, ನೀವು ಮತ್ತ ಕೊರಳಿಗೆ ಹಾಕ್ಕೋಬ್ಯಾಡ್ರಿ" ಅಂತಾರ. ಅವರ ಮಾತಿಗೆ ನಾನು ಎದುರು ಮಾತಾಡಂಗಿಲ್ಲ. ಅವರ ಬೆನ್ನ ಮ್ಯಾಲಿನ ಬಾಸುಂಡೆಗೆ ಆ ಮಾತಾಡೋ ಹಕ್ಕೈತಿ. ಮುಂದೆ ಅವರ ಮಾತಿಗೇ ಬರ್ತೀನಿ.

ಈಗ ಕ್ಯಾಸೆಟ್ಟಿನ ಕಾಲಕ್ಕೆ ಬರೋಣ. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂತು. ನಮ್ಮ ದೇಶದಾಗ ಅದು ಓಣಿ ಓಣಿಗೆ ಮುಟ್ಟಿದ್ದು 1980ರ ದಶಕದಲ್ಲಿ. ಅಲ್ಲಿ ತನಕ ಎಚ್‌ಎಂವಿ ಅನ್ನೋ ಒಂದೇ ದೊಡ್ಡ ಕಂಪನಿ, ಅದು ರೆಕಾರ್ಡ್ ಮಾಡಿದ್ದೇ ಹಾಡು. ತಟ್ಟೆ ಅಚ್ಚು ಹಾಕಾಕ ಕಾರ್ಖಾನೆ ಬೇಕು. ಕ್ಯಾಸೆಟ್ಟಿಗೆ ಒಂದು ಕೋಣೆ, ನಾಲ್ಕು ಮಶಿನ್ ಸಾಕು. 1983ರಲ್ಲಿ ದಿಲ್ಲಿಯ ಹಣ್ಣಿನ ರಸದ ಅಂಗಡಿಯವರ ಮಗ ಗುಲ್ಶನ್ ಕುಮಾರ್ ಟಿ-ಸೀರೀಸ್ ಕಟ್ಟಿದರು. ಬೆಂಗಳೂರಿನಲ್ಲಿ 1974ರಿಂದ ನಡೆದು ಬಂದ ಲಹರಿ, ಜೊತೆಗೆ ಸಂಗೀತಾ, ಇವು ಕನ್ನಡದ ದೊಡ್ಡ ಲೇಬಲ್ಲುಗಳಾದವು. ಅವುಗಳ ಸಂದಿಯಲ್ಲಿ ಊರೂರಿಗೆ ಸಣ್ಣ ಸಣ್ಣ ಕಂಪನಿಗಳು ಹುಟ್ಟಿದವು. ನಾಟಕದ ಹಾಡು, ಗೀಗೀ ಪದ, ಶ್ರೀಕೃಷ್ಣ ಪಾರಿಜಾತ, ಭಜನೆ, ಜಾನಪದ. ಗುರುರಾಜ ಹೊಸಕೋಟಿಯವರ ಜಾನಪದ ಕ್ಯಾಸೆಟ್ ಇಲ್ಲದ ಟ್ರ್ಯಾಕ್ಟರ್ ಇರಲಿಲ್ಲ ನಮ್ಮ ಕಡೆ. ಮೀರಜ, ಸಾಂಗ್ಲಿ, ಸೊಲ್ಲಾಪುರದ ಕಡೆಯಿಂದ ವಾಮನದಾದಾ ಕರ್ಡಕ್, ಪ್ರಹ್ಲಾದ್ ಶಿಂಧೆ, ಆನಂದ್ ಶಿಂಧೆ ಅವರ ಮರಾಠಿ ಭೀಮಗೀತೆಗಳು ಬಂದವು. ಭಾಷೆ ಅರ್ಧ ತಿಳಿತಿತ್ತು, ಅರ್ಧ ತಿಳಿತಿರಲಿಲ್ಲ. 'ಭೀಮ' ಅನ್ನೋ ಶಬ್ದ ಪೂರ್ತಿ ತಿಳಿತಿತ್ತು.

ಕ್ಯಾಸೆಟ್ ಮಾರೋ ದೊಡ್ಡ ಪೇಟೆ ಅಂದ್ರ ಬಾದಾಮಿ ಬನಶಂಕರಿ ಜಾತ್ರಿ. ಬನದ ಹುಣ್ಣಿವಿಯಿಂದ ತಿಂಗಳಗಟ್ಟಲೆ ಜಾತ್ರಿ, ಸಾಲಾಗಿ ನಾಟಕ ಕಂಪನಿಗಳ ತಂಬು, ತಂಬಿನ ಬಾಜೂಕ ಕ್ಯಾಸೆಟ್ ಅಂಗಡಿ. 1990ರ ದಶಕದ ಕೊನೆಗೆ ನಮ್ಮ ಕಾಕಾನ ಹಲಗಿ ಮೇಳವನ್ನ ಒಂದು ಕಂಪನಿಯವರು ಪಟ್ಟಣಕ್ಕ ಕರಕೊಂಡು ಹೋದರು. ಐದು ಮಂದಿ, ಒಂದು ದಿನ. ಬಸ್ ಚಾರ್ಜು, ಊಟ, ತಲಿಗೆ ಒಂದು ದಿನದ ಪಗಾರ. ಕಾಗದ ಇಲ್ಲ, ಸಹಿ ಇಲ್ಲ. ಮುಂದಿನ ಜಾತ್ರಿಯೊಳಗ ಕಾಕಾ ಹೊಂಟಾಗ ಒಂದು ಅಂಗಡಿಯಾಗ ತನ್ನ ಹಲಗಿ ಕೇಳಿದ. ಮುಕ್ತಾಯಕ್ಕ ಬರೋವಾಗ ಎರಡು ಪೆಟ್ಟು ತಡದು ಹೊಡೆಯೋ ಚಾಳಿ ಕಾಕಾಂದು, ಬ್ಯಾರೆ ಯಾರೂ ಹಂಗ ಹೊಡಿಯಂಗಿಲ್ಲ. ಅಂಗಡಿಯವಗ ಅಂದ, "ಇದು ನನ್ನ ಕೈ ರೀ." ಅಂವ ನಕ್ಕು ಅಂದ, "ಹೌದೇನು, ಹಂಗಾರ ಐದು ರೂಪಾಯಿ ಕಡಿಮಿ ಮಾಡ್ತೀನಿ, ತಗೋ."

ಕಾಕಾ ತಗೊಂಡ. ಆ ಡಬ್ಬಿ ಇನ್ನೂ ನಮ್ಮ ಮನಿಯಾಗೈತಿ. ಮುಂದ ಗಾಯಕರ ಫೋಟೋ, ಕೆಳಗ ಕಂಪನಿ ಹೆಸರು, ಪೂರ್ತಿ ವಿಳಾಸ, ಇಸವಿ. ಹಿಂದ ಸಣ್ಣ ಅಕ್ಷರದಾಗ: ಹಲಗಿ, ಹುನಗುಂದ ತಾಲೂಕಿನ ತಂಡ. ಐದು ಮಂದಿ ಮನುಷ್ಯರು ಒಂದು ತಾಲೂಕು ಆಗಿಬಿಟ್ಟಿದ್ದರು.

ಕಂಪನಿ ಹೆಸರು, ವಿಳಾಸ, ಇಸವಿ ಅಷ್ಟು ನೀಟಾಗಿ ಯಾಕ ಇತ್ತು ಅನ್ನೋದು ನನಗೆ ಬಹಳ ವರ್ಷಗಳ ಮ್ಯಾಲೆ ತಿಳೀತು. ಅದು ಕಂಪನಿಯವರ ಶಿಸ್ತು ಅಲ್ಲ, ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ 52ಎ ಅಂತ ಒಂದು ಕಲಮು ಸೇರಿಸಿದರು. ಧ್ವನಿಮುದ್ರಣದ ಮೇಲೆ, ಅದರ ಡಬ್ಬಿಯ ಮೇಲೆ ಮೂರು ವಿವರ ಇರಲೇಬೇಕು: ಮುದ್ರಣ ಮಾಡಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಬಿಡುಗಡೆಯಾದ ವರ್ಷ. ಕಳ್ಳ ಕ್ಯಾಸೆಟ್ ತಡೆಯಾಕ ತಂದ ಕಾನೂನು ಅದು. ರೊಕ್ಕ ಹಾಕಿದವನ ಹೆಸರು ತಪ್ಪಬಾರದು ಅಂತ ಕಾಳಜಿ. ಬಡಿದವನ ಹೆಸರು ಆ ಮೂರರಾಗ ಇಲ್ಲ.

ಅದೇ ಕಾಯ್ದೆ ಇನ್ನೊಂದು ಮಾತು ಹೇಳ್ತೈತಿ. ಕವಿತೆಗೆ ಕರ್ತೃ ಕವಿ, ಚಿತ್ರಕ್ಕೆ ಕರ್ತೃ ಕಲಾವಿದ. ಧ್ವನಿಮುದ್ರಣಕ್ಕೆ ಕರ್ತೃ ಯಾರು? ನಿರ್ಮಾಪಕ. ಅಂದ್ರ ಮಶಿನ್ ತಂದವನು, ರೊಕ್ಕ ಹಾಕಿದವನು. ನಮ್ಮ ಮುತ್ತಜ್ಜನ ಕಾಲದಿಂದ ಬಂದ ಹಲಗಿ ಬಡಿತಕ್ಕೆ ಕರ್ತೃ ಇಲ್ಲ, ಯಾಕಂದ್ರ ಅದು 'ಜಾನಪದ'. ಆ ಬಡಿತವನ್ನ ಮೊಬೈಲಿನಾಗ ಹಿಡಿದವನಿಗೆ ಮಾತ್ರ ಕರ್ತೃ ಪಟ್ಟ. ಜಾನಪದ ಅನ್ನೋ ಶಬ್ದ ಕೇಳಾಕ ಎಷ್ಟು ಗೌರವದ್ದು ಅನ್ನಸ್ತೈತಿ. ನಮ್ಮ ಪಾಲಿಗೆ ಅದರ ಅರ್ಥ 'ಯಾರದೂ ಅಲ್ಲ, ಯಾರು ಬೇಕಾದರೂ ಒಯ್ಯಿರಿ' ಅಂತ ಆಗೈತಿ.

ಬಾಗಲಕೋಟೆಯ ಹೋಳಿ ನೋಡ್ರಿ. ರಾಜ್ಯಕ್ಕೆಲ್ಲ ಹೆಸರಾದ ಹೋಳಿ, ಅದರ ಜೀವವೇ ಹಲಗಿ. ಕಿಲ್ಲಾದವರು, ಹೊಸಪೇಟಿಯವರು, ವೆಂಕಟಪೇಟಿಯವರು, ಎಲ್ಲಾ ಜಾತಿ ಹುಡುಗರು ಹೆಗಲಿಗೆ ಹಲಗಿ ಹಾಕ್ಕೊಂಡು ಬಡಿತಾರ. ನೋಡಾಕ ಖುಷಿ ಆಗ್ತೈತಿ, ಸುಳ್ಳ ಹೇಳಂಗಿಲ್ಲ. ಆದರ ಹೋಳಿಯ ನಾಲ್ಕೈದು ದಿನ ಹಲಗಿ ಎಲ್ಲಾರದು, ಉಳಿದ ವರ್ಷವೆಲ್ಲ ಹೆಣದ ಮುಂದ ಬಡಿಯಾಕ ನಮ್ಮದು. ಅವರು ಬಡಿದರ ಸಂಸ್ಕೃತಿ, ನಾವು ಬಡಿದರ ಜಾತಿ.

ಇನ್ನೊಂದು ಹೋಲಿಕೆ. ಇಳಕಲ್ ಸೀರಿಗೆ ಜಿಐ ಟ್ಯಾಗ್ ಐತಿ. ಬೇರೆ ಊರಾಗ ನೇಯ್ದು 'ಇಳಕಲ್' ಅಂತ ಮಾರಿದರ ಕಾನೂನಿನ ಪ್ರಕಾರ ತಪ್ಪು. ನೇಕಾರನ ಹೊಟ್ಟಿ ಅದರಿಂದ ಎಷ್ಟು ತುಂಬೇತಿ ಅನ್ನೋದು ಬ್ಯಾರೆ ಮಾತು. ಆದರ ಒಂದು ಊರಿನ ಕೈಕೆಲಸಕ್ಕೆ ಹೆಸರಿನ ಬೇಲಿ ಹಾಕಬಹುದು ಅಂತ ಸರಕಾರ ಒಪ್ಪೇತಿ. ಇಪ್ಪತ್ತು ಮೈಲು ಆಚೆ ಹೊಡೆಯೋ ಹಲಗಿಗೆ ಅಂಥಾ ಬೇಲಿ ಇಲ್ಲ.

ಕ್ಯಾಸೆಟ್ ಹೋತು, ಸಿಡಿ ಬಂತು. ಸಿಡಿ ಹೋತು, ಮೆಮೊರಿ ಕಾರ್ಡ್ ಬಂತು. ಮೊಬೈಲ್ ಅಂಗಡಿಯಾಗ ಹಾಡು ತುಂಬಿ ಕೊಡತಿದ್ದರು. ಸ್ಟುಡಿಯೋದಾಗ ಹಲಗಿಯವರ ಬದಲು ಆಕ್ಟೋಪ್ಯಾಡ್ ಬಂತು, ಜಪಾನಿನ ರೋಲ್ಯಾಂಡ್ ಕಂಪನಿಯ ಎಂಟು ಚೌಕದ ಮಶಿನ್. ಒಂದು ಚೌಕಕ್ಕ ನಮ್ಮ ಹಲಗಿಯ ಸಪ್ಪಳ ತುಂಬಿದರ ಸಾಕು. ಈಗ ಅದೂ ಬ್ಯಾಡ, ಲ್ಯಾಪ್‌ಟಾಪಿನಾಗ ಹಲಗಿಯ ನಾಲ್ಕು ಪೆಟ್ಟು ಕತ್ತರಿಸಿ ಇಟ್ಟುಕೊಂಡು ನೂರು ಹಾಡಿಗೆ ಅಂಟಸ್ತಾರ. ಹಾಡಿನ ನಡುನಡುವೆ ಒಂದು ದನಿ ಬರತೈತಿ, 'ಡಿಜೆ ಇಂಥವರು' ಅಂತ. ಕಳವು ಆಗಬಾರದು ಅಂತ ರಿಮಿಕ್ಸ್ ಮಾಡಿದವರು ಹಾಕೋ ಮುದ್ರಿ ಅದು. ಗೌಹರ್ ಜಾನ್ 1902ರಲ್ಲಿ ಮಾಡಿದ್ದನ್ನೇ ನಮ್ಮ ಡಿಜೆ ಹುಡುಗರು ಮಾಡ್ತಾರ. ಅದು ತಪ್ಪಲ್ಲ, ಜಾಣತನ. ಅದರಾಗ ಬಹಳ ಮಂದಿ ನಮ್ಮ ಹುಡುಗರೂ ಅದಾರ. ನಾನು ಕೇಳೋದು ಇಷ್ಟೇ: ಆ ದನಿಯ ಹಿಂದ ಇನ್ನೊಂದು ಹೆಸರು ಕೂಡಸಾಕ ಎಷ್ಟು ಸೆಕೆಂಡ್ ಬೇಕು?

ಇದು ನಮ್ಮ ಒಂದೇ ಜಿಲ್ಲೆಯ ಹಣೆಬರಹ ಅಂತ ತಿಳಿಬ್ಯಾಡ್ರಿ. ಅಮೆರಿಕದ ಕರಿಯ ಜನರ ಕತಿ ಕೇಳ್ರಿ.

ಇವತ್ತು ಜಗತ್ತಿನಾದ್ಯಂತ ಡಿಜೆಗಳು ಹಚ್ಚೋ 'ಹೌಸ್' ಅನ್ನೋ ಕುಣಿತದ ಸಂಗೀತ ಹುಟ್ಟಿದ್ದು ಶಿಕಾಗೋ ನಗರದಲ್ಲಿ, ಕರಿಯರು ಮತ್ತು ಸಲಿಂಗಿಗಳು ಸೇರುತ್ತಿದ್ದ 'ವೇರ್‌ಹೌಸ್' ಎಂಬ ಕ್ಲಬ್ಬಿನಲ್ಲಿ. ಅಲ್ಲಿ ಫ್ರಾಂಕಿ ನಕಲ್ಸ್ ಅನ್ನೋ ಡಿಜೆ ಇದ್ದ. ಅದೇ ಊರಾಗ 1979ರ ಜುಲೈ 12ಕ್ಕೆ ಒಂದು ಆಟದ ಮೈದಾನದಲ್ಲಿ ಡಿಸ್ಕೋ ತಟ್ಟೆಗಳನ್ನ ರಾಶಿ ಹಾಕಿ ಸ್ಫೋಟಿಸಿ ಸುಟ್ಟಿದ್ದರು. ಅಂಥಾ ಊರಾಗ ಆ ಹುಡುಗರು ರೋಲ್ಯಾಂಡ್ ಕಂಪನಿಯ ಹಳೆಯ ಡ್ರಮ್ ಮಶಿನ್‌ಗಳಿಂದ ಹೊಸ ಸಂಗೀತ ಕಟ್ಟಿದರು. 1984ರಲ್ಲಿ ಟ್ರ್ಯಾಕ್ಸ್ ರೆಕಾರ್ಡ್ಸ್ ಅನ್ನೋ ಸ್ವತಂತ್ರ ಲೇಬಲ್ ಹುಟ್ಟಿತು. ಅದನ್ನ ನಡೆಸಿದ ಲ್ಯಾರಿ ಶೆರ್ಮನ್ ಬಿಳಿಯ, ತಟ್ಟೆ ಅಚ್ಚು ಹಾಕೋ ಕಾರ್ಖಾನೆ ಅವನದು. ಅಲ್ಲೂ ಕಲೆ ಒಬ್ಬರದು, ಮಶಿನ್ ಇನ್ನೊಬ್ಬರದು. ಲ್ಯಾರಿ ಹರ್ಡ್ 1986ರಲ್ಲಿ ಆ ಲೇಬಲ್ಲಿಗೆ ಮಾಡಿಕೊಟ್ಟ ಸಂಗೀತ ಜಗತ್ತು ಸುತ್ತಿತು. ತಮಗೆ ಬರಬೇಕಾದ ರಾಯಧನ ಬಂದಿಲ್ಲ ಅಂತ ಅವರು, ಅವರ ಜೊತೆ ಹಾಡಿದ ರಾಬರ್ಟ್ ಓವನ್ಸ್ 2020ರಲ್ಲಿ ಕೋರ್ಟಿಗೆ ಹೋದರು. 2022ರಲ್ಲಿ ರಾಜಿಯಾಗಿ ಹಾಡುಗಳ ಹಕ್ಕು ಅವರ ಕೈಗೆ ಮರಳಿತು. ಮೂವತ್ತಾರು ವರ್ಷ.

ಶಿಕಾಗೋದಿಂದ ಪಾಠ ಕಲಿತವರು ಪಕ್ಕದ ಡೆಟ್ರಾಯಿಟಿನವರು. ಕಾರಿನ ಕಾರ್ಖಾನೆಗಳು ಮುಚ್ಚಿ ಹಾಳು ಬಿದ್ದ ನಗರ. 1980ರ ದಶಕದ ಕೊನೆಗೆ ಮೈಕ್ ಬ್ಯಾಂಕ್ಸ್ ಮತ್ತು ಜೆಫ್ ಮಿಲ್ಸ್ ಎಂಬ ಕರಿಯ ಸಂಗೀತಗಾರರು 'ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್' ಎಂಬ ಲೇಬಲ್ ಕಟ್ಟಿದರು. ಹೆಸರೇ ನೋಡ್ರಿ, ಭೂಗತ ಪ್ರತಿರೋಧ. ಮುಖಕ್ಕೆ ಮುಸುಕು ಹಾಕ್ಕೊಂಡು ವೇದಿಕೆ ಹತ್ತತಿದ್ದರು, ತಮ್ಮ ಫೋಟೋ ಮಾರಲಿಲ್ಲ. ದೊಡ್ಡ ಕಂಪನಿಗಳಿಗೆ ಹಾಡು ಕೊಡಲಿಲ್ಲ. 1992ರಲ್ಲಿ 'ಸಬ್‌ಮರ್ಜ್' ಅಂತ ತಮ್ಮದೇ ಮಾರಾಟ ಸಂಸ್ಥೆ ಮಾಡಿದರು, ಡೆಟ್ರಾಯಿಟಿನ ಸಣ್ಣ ಲೇಬಲ್ಲುಗಳ ತಟ್ಟೆಗಳನ್ನೂ ಅಲ್ಲಿಂದಲೇ ಜಗತ್ತಿಗೆ ಕಳಿಸಿದರು. 1999ರಲ್ಲಿ ಅವರ ಡಿಜೆ ರೊಲಾಂಡೊ ಮಾಡಿದ 'ನೈಟ್ಸ್ ಆಫ್ ದ ಜಾಗ್ವಾರ್' ಎಲ್ಲಾ ಕಡೆ ಬಾರಿಸಿತು. ಜರ್ಮನಿಯ ಸೋನಿ ಕಂಪನಿ ಒಪ್ಪಿಗೆ ಇಲ್ಲದೇ ಅದನ್ನ ಹೆಚ್ಚೂಕಡಿಮೆ ಹಾಗೇ ನಕಲು ಮಾಡಿಸಿತು. ಲೇಬಲ್ಲಿನವರೂ ಅವರ ಕೇಳುಗರೂ ಸೇರಿ ಅದರ ವಿರುದ್ಧ ದನಿ ಎತ್ತಿದರು. ಅವರು ಮುಖ ಮುಚ್ಚಿಕೊಂಡಿದ್ದು ತಮ್ಮ ಇಚ್ಛೆಯಿಂದ, ನಮ್ಮ ಕಾಕಾನ ಹೆಸರು ಮುಚ್ಚಿದ್ದು ಮತ್ತೊಬ್ಬರು. ಈ ವ್ಯತ್ಯಾಸ ನೆನಪಿಡ್ರಿ.

ಅಷ್ಟು ದೂರ ಬ್ಯಾಡ, ಚೆನ್ನೈಗೆ ಬರ್ರಿ. ಪರೈ ವಾದ್ಯದ ಕತಿ ನಮ್ಮ ಹಲಗಿಯದೇ ಕತಿ. 2018ರ ಜನವರಿಯಲ್ಲಿ ಪಾ. ರಂಜಿತ್ ಅವರ ನೀಲಂ ಸಂಸ್ಥೆ, ಸಂಗೀತಗಾರ ತೆನ್ಮಾ ಸೇರಿ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡವನ್ನು ವೇದಿಕೆಗೆ ತಂದರು. ಜಾತಿಯಿಲ್ಲದ ತಮಿಳರು ಅನ್ನೋ ಅಯೋತಿ ದಾಸರ ಮಾತಿನಿಂದ ಬಂದ ಹೆಸರು. ಹೆಣದ ಮುಂದಿನ ವಾದ್ಯ ವೇದಿಕೆಯ ನಡುವಕ್ಕ ಬಂತು. ಆ ತಂಡದ ಅರಿವು 2021ರಲ್ಲಿ 'ಎಂಜಾಯ್ ಎಂಜಾಮಿ' ಬರೆದು ಹಾಡಿದರು, ಭೂಮಿ ಇಲ್ಲದ ತಮ್ಮ ಅಜ್ಜಿಯ ಬದುಕಿನಿಂದ ಎತ್ತಿದ ಹಾಡು. ದೇಶವೆಲ್ಲ ಕುಣೀತು. ಅದೇ ವರ್ಷ ಒಂದು ದೊಡ್ಡ ಸಂಗೀತ ಪತ್ರಿಕೆ ಆ ಹಾಡಿನ ಯಶಸ್ಸಿನ ಬಗ್ಗೆ ಮುಖಪುಟ ಮಾಡಿದಾಗ ಅರಿವು ಅವರ ಮುಖ ಅದರಾಗ ಇರಲಿಲ್ಲ. ಪಾ. ರಂಜಿತ್ ಬಹಿರಂಗವಾಗಿ ಕೇಳಿದ ಮ್ಯಾಲೆ, ಜನ ಕೇಳಿದ ಮ್ಯಾಲೆ, ಪತ್ರಿಕೆ ಅವರನ್ನೂ ಮುಖಪುಟಕ್ಕೆ ತಂತು. ಕೇಳದಿದ್ದರ ಬರತಿರಲಿಲ್ಲ.

ಈಗ ನಮ್ಮ ಹಿರಿಯರ ಮಾತಿಗೆ ಬರ್ತೀನಿ. "ಹಲಗಿ ಬಿಡ್ರಿ" ಅಂದವರು ಯಾಕ ಅಂದರು? ಹಲಗಿಯಾಗ ಮೂರು ಇರಲಿಲ್ಲ: ಒಲ್ಲೆ ಅನ್ನೋ ಹಕ್ಕು, ನಾವೇ ಹೇಳೋ ದರ, ನಮ್ಮ ಹೆಸರು. ಈ ಮೂರೂ ಇಲ್ಲದಾಗ ಬಡಿಯೋದು ಬಿಟ್ಟಿ. ಇವತ್ತು ಮೂರೂ ಇದ್ದರ ಅದು ಕಲೆ. ಡಾಲ್ಬಿಯೊಳಗ ಕುಂತು ಹೆಸರಿಲ್ಲದೇ ರೊಕ್ಕ ಇಲ್ಲದೇ ಬಾರಿಸೋ ನಮ್ಮ ಹಲಗಿ ಇವತ್ತಿಗೂ ಬಿಟ್ಟಿ ಚಾಕರಿನೇ ಮಾಡಾಕತ್ತೈತಿ. ಗೌಡರ ಅಂಗಳ ಹೋಗಿ ಯೂಟ್ಯೂಬ್ ಬಂದೈತಿ, ಅಷ್ಟೇ. ಹಿರಿಯರ ಮಾತು ನಾನು ಹಿಂಗ ತಿಳಕೊಂಡೀನಿ: ಬಿಡಬೇಕಾದ್ದು ಬಿಟ್ಟಿ. ಯಾರಿಗೆ ಹಲಗಿ ಬ್ಯಾಡೋ ಅವರು ಬಿಡಲಿ, ಅದು ಅವರ ಹಕ್ಕು. ಯಾರು ಬಡಿತಾರೋ ಅವರು ಹೆಸರಿಟ್ಟು ಬಡಿಯಲಿ.

ಹೆಸರಿಡೋದು ನಮಗೆ ಹೊಸದಲ್ಲ. ಹುನಗುಂದದಿಂದ ಕೂಡಲಸಂಗಮ ಎಷ್ಟು ದೂರ? ವಚನಕಾರರು ಪ್ರತಿ ವಚನಕ್ಕೂ ಅಂಕಿತ ಹಾಕಿದರು. ಅಂಕಿತ ನೋಡಿದರ ಯಾರ ವಚನ ಅಂತ ಗೊತ್ತಾಗ್ತೈತಿ. ಮಾದಾರ ಚೆನ್ನಯ್ಯನವರ ಅಂಕಿತದಾಗ ಉಳಿ, ಕತ್ತಿ, ಅಡಿಗುಂಟ, ಚರ್ಮದ ಕೆಲಸದ ಸಾಮಾನುಗಳೇ ಅದಾವ. ಊರು ಯಾವುದನ್ನ ಮುಟ್ಟಬಾರದು ಅಂದಿತ್ತೋ ಅದನ್ನೇ ಅವರು ಸಹಿಯೊಳಗ ಇಟ್ಟರು. ಎಂಟುನೂರು ವರ್ಷ ಆತು, ಆ ಸಹಿ ಅಳಿಸಿಲ್ಲ.

ಹಂಗಾದ್ರ ಏನು ಮಾಡೋಣ? ಭಾಷಣ ಸಾಕು, ಕೆಲಸದ ಮಾತು ಹೇಳ್ತೀನಿ. ತಂಡದ ಹುಡುಗರು ಇದನ್ನ ಬರಕೊಳ್ರಿ.

ಮೊದಲನೇದು. ಕಾನೂನಿನ ಪ್ರಕಾರ ನೀವು 'ಪ್ರದರ್ಶಕರು'. ಆ ಪಟ್ಟಿಯಾಗ ನಟ, ಗಾಯಕ, ವಾದ್ಯಗಾರ ಅಷ್ಟೇ ಅಲ್ಲ, ಹಾವಾಡಿಗನೂ ಜಾದೂಗಾರನೂ ಅದಾರ. 1994ರ ತಿದ್ದುಪಡಿಯಿಂದ ಪ್ರದರ್ಶಕರಿಗೆ ಹಕ್ಕು ಬಂತು, 2012ರ ತಿದ್ದುಪಡಿಯಿಂದ ಅದು ಗಟ್ಟಿ ಆತು. 38ಬಿ ಕಲಮು ಹೇಳ್ತೈತಿ, 'ಇದನ್ನ ಬಾರಿಸಿದವ ನಾನು' ಅಂತ ಹೆಸರು ಕೇಳೋ ಹಕ್ಕು ನಿಮಗೈತಿ. ಆದರ ಅದೇ ಕಾಯ್ದೆಯಾಗ ಒಂದು ಕಿಂಡಿ ಐತಿ: ಸಿನಿಮಾದಾಗ ಬಂದುಹೋಗೋ ಸಣ್ಣ ಪ್ರದರ್ಶನ ಆಗಿದ್ದು, ರೂಢಿ ಪ್ರಕಾರ ಹೆಸರು ಹಾಕದೇ ಇದ್ದರ, ಅಂಥವರನ್ನ ಪ್ರದರ್ಶಕರು ಅಂತ ಎಣಿಸಂಗಿಲ್ಲ. ಕಾನೂನಿನ ಭಾಷೆಯಾಗ ವಿಡಿಯೋನೂ ಸಿನಿಮಾದ ಲೆಕ್ಕಕ್ಕ ಬರ್ತೈತಿ. ಅದಕ್ಕ ಹೆಸರು ಹಾಕಿಸಿಕೊಳ್ಳೋದು ಮರ್ಯಾದಿ ಪ್ರಶ್ನೆ ಮಾತ್ರ ಅಲ್ಲ, ಹಕ್ಕಿನ ಬಾಗಿಲ.

ಎರಡನೇದು. ರೆಕಾರ್ಡಿಂಗಿಗೆ ಕರದರ ಸಂಚಕಾರ ಇಸಕೊಳ್ಳೋ ಮೊದಲ ಒಂದು ಹಾಳಿ ಬರಸ್ರಿ. ಯಾರು ಬಾರಿಸಿದರು, ಯಾವ ದಿನ, ಎಷ್ಟು ರೊಕ್ಕ, ಎಷ್ಟು ವರ್ಷದ ಮಟ್ಟಿಗೆ. ಹಕ್ಕು ಬರೆದುಕೊಟ್ಟದ್ದು ಲಿಖಿತದಾಗ ಸಹಿ ಸಮೇತ ಇಲ್ಲದಿದ್ದರ ಅದು ಊರ್ಜಿತ ಅಲ್ಲ. ಅವಧಿ ಬರೀದೇ ಬಿಟ್ಟರ ಕಾಯ್ದೆ ಅದನ್ನ 5 ವರ್ಷ ಅಂತ ತಿಳಕೊಳ್ತೈತಿ. 'ಎಲ್ಲಾ ಹಕ್ಕು ಶಾಶ್ವತವಾಗಿ' ಅಂತ ಬರದದ್ದಕ್ಕ ಸಹಿ ಮಾಡೋ ಮೊದಲ ಯಾರಾದರೂ ಓದಿದವರಿಗೆ ತೋರಸ್ರಿ.

ಮೂರನೇದು. ನಿಮ್ಮ ಹಲಗಿಯನ್ನ ಮೊದಲು ನೀವೇ ರೆಕಾರ್ಡ್ ಮಾಡ್ರಿ. ಹಂಗ ಮಾಡಿದರ ಕಾನೂನಿನ ಆ 'ಕರ್ತೃ' ಅನ್ನೋ ಪಟ್ಟ ನಿಮಗ ಬರ್ತೈತಿ. ಚಲೋ ಮೈಕ್ ಒಂದು ಸಾಕು. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಅನ್ನೋ 12 ಅಕ್ಷರ-ಅಂಕಿಯ ಗುರುತು ಇರ್ತೈತಿ, ಅದನ್ನ ತಗೊಂಡು ಬಿಡುಗಡೆ ಮಾಡ್ರಿ. ಆಮ್ಯಾಲೆ ಯಾರಾದರೂ 'ಇದು ನಮ್ಮ ಸ್ವತ್ತು' ಅಂತ ನೋಟಿಸು ಕಳಿಸಿದರ ತೋರಸಾಕ ನಿಮ್ಮ ಹತ್ತಿರ ಕಾಗದ ಇರ್ತೈತಿ.

ನಾಲ್ಕನೇದು, ನಮ್ಮ ಸಂಘಟನೆಗಳಿಗೆ. ಮುಂದಿನ ಜಯಂತಿಗೆ ಡಾಲ್ಬಿ ಹಚ್ಚೋದು ಬಿಡೋದು ನಿಮಗ ಬಿಟ್ಟದ್ದು. ಹಚ್ಚಿದರ ರಾತ್ರಿ 10ಕ್ಕ ಬಂದ್ ಮಾಡ್ರಿ, ಕಾನೂನು ಐತಿ, ದವಾಖಾನಿಯಾಗ ನಮ್ಮವರೂ ಮಲಗಿರತಾರ. ಆದರ ಡಾಲ್ಬಿಗೆ ಕೊಡೋ ರೊಕ್ಕದಾಗ ಒಂದು ಪಾಲು ತಗದು ನಾಲ್ಕೂ ಊರಿನ ಹಲಗಿ ತಂಡಗಳನ್ನ ರೆಕಾರ್ಡ್ ಮಾಡೋಣ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್. ಒಂದು ಚಾನೆಲ್, ಒಂದು ಖಾತೆ, ಲೆಕ್ಕ ಎಲ್ಲಾರಿಗೂ ಕಾಣೋ ಹಂಗ. ಅದಕ್ಕ ಏನು ಹೆಸರಿಡಬೇಕು ಅನ್ನೋದನ್ನ ಬಾರಿಸೋರೇ ಕುಂತು ತೀರ್ಮಾನ ಮಾಡಲಿ, ನಾನಲ್ಲ.

ನಮ್ಮ ಹಣಿಗೆ ಊರು ಸಾವಿರ ವರ್ಷ ಒಂದು ಲೇಬಲ್ ಅಂಟಸೇತಿ, ನಮ್ಮನ್ನ ಕೇಳದೇ. ಈಗ ನಮ್ಮ ಬಡಿತಕ್ಕ ನಾವ ಒಂದು ಲೇಬಲ್ ಹಚ್ಚೋಣ.

ಒಂದು ಕೆಲಸ ಇವತ್ತ ಶುರು ಮಾಡಬಹುದು. ನಿಮ್ಮೂರಾಗ ಹಲಗಿ ಬಾರಿಸೋರು, ಹಿಂದ ಬಾರಿಸಿದವರು, ತೀರಿಹೋದವರು, ಅವರನ್ನ ಇಲ್ಲಾ ಅವರ ಮನಿಯವರನ್ನ ಕೇಳಿ, ಅವರು ಹೂಂ ಅಂದರ ಹೆಸರು ಕೆಳಗ ಬರೀರಿ. ಅಡ್ಡಹೆಸರು ಬ್ಯಾಡ, ಪೂರ್ತಿ ಹೆಸರು ಬರೀರಿ. 'ತಂಡ' ಅಂತ ಮಾತ್ರ ಬರೀಬ್ಯಾಡ್ರಿ.

ಜೈಭೀಮ್.